ಸೋಟೋ, ಹೆಸೂಸ್ ರಫಾಯೆಲ್
1923-2005. ವೆನೆಜುವೆಲದ ಕಲಾವಿದ, ಜ್ಯಾಮಿತೀಯ ಅಮೂರ್ತ ಕಲೆಗೆ ಚಲನೆಯ ಅನುಭವ ತಂದವರಲ್ಲಿ ಪ್ರಮುಖ. ಒರಿನೋಕೋ ನದಿದಂಡೆಯ ಸಿಯುದಾದ್ ಬೊಲಿವಾರ್‌ನಲ್ಲಿ ಜನನ. ಎಳೆಯ ವಯಸ್ಸಿನಲ್ಲಿ ಸಿನಿಮಾ ಪೋಸ್ಟರುಗಳನ್ನು ಬರೆಯುತ್ತಿದ್ದ. ಕಾರಕಾಸ್‌ನಲ್ಲಿ ಕಲಾಶಿಕ್ಷಣ ಪಡೆದು 1950ರಲ್ಲಿ ಪ್ಯಾರಿಸ್ಸಿಗೆ ಹೋದ. ಅಲ್ಲಿನ ಡೆನೀಸ್ ರೆನೆ ಗ್ಯಾಲರಿಯಲ್ಲಿ 1955ರಲ್ಲಿ ನಡೆದ ಚಲನಾಕಲೆಯ ಚಾರಿತ್ರಿಕ ಪ್ರದರ್ಶನದಲ್ಲಿ ಕಾಲ್ಡರ್, ವಸರೆಲಿ ಮೊದಲಾದವರೊಂದಿಗೆ ಭಾಗವಹಿಸಿದ.

ಈತನ ಪ್ರಸಿದ್ಧ ಕೃತಿಗಳಲ್ಲಿ ಯಂತ್ರವಿಲ್ಲ, ಮೋಟಾರಿಲ್ಲ. ಕಪ್ಪು-ಬಿಳುಪಿನ ಸಣ್ಣ ಗೆರೆಗಳು ಒತ್ತೊತ್ತಾಗಿರುವ ಹಲಗೆ. ಅದರ ಮುಂದೆ ನೈಲಾನ್ ದಾರದಲ್ಲಿ ತೂಗುಬಿಟ್ಟ ತೆಳುವಾದ ಲೋಹದ ಸರಳುಗಳು. ನೋಡುವವರು ಒಂದು ಹೆಜ್ಜೆ ಸರಿದರೂ ಸರಳಿಗೂ ಹಿಂದಿನ ಗೆರೆಗಳಿಗೂ ಇರುವ ಸಂಬಂಧ ಬದಲಾಗುತ್ತದೆ. ಸರಳಿನ ಅಂಚು ಕರಗಿದಂತೆ, ಕಂಪಿಸಿದಂತೆ ಕಾಣುತ್ತದೆ. ಹೀಗೆ ಚಲನೆ ಹುಟ್ಟುವುದು ನೋಟದಲ್ಲಿಯೇ.

1967ರಿಂದ ರಚಿಸಿದ ‘ಪೆನೆತ್ರಾಬ್ಲೆ’ ಮಾಲಿಕೆಯಲ್ಲಿ ಮೇಲಿನಿಂದ ಇಳಿಬಿಟ್ಟ ಅಸಂಖ್ಯ ಪ್ಲಾಸ್ಟಿಕ್ ಎಳೆಗಳ ನಡುವೆ ಜನ ನುಗ್ಗಿ ಓಡಾಡಬಹುದು. ಪ್ರೇಕ್ಷಕರನ್ನು ಕೃತಿಯ ಒಳಗೇ ಕರೆದುಕೊಂಡದ್ದು ಸೋಟೋನ ಅತಿದೊಡ್ಡ ಕೊಡುಗೆ. ವಾಸ್ತುಶಿಲ್ಪಿ ಕಾರ್ಲೋಸ್ ರಾಊಲ್ ವಿಯಾನುಯೇವಾ ವಿನ್ಯಾಸಗೊಳಿಸಿದ, ಈತನ ಹೆಸರಿನ ವಸ್ತುಸಂಗ್ರಹಾಲಯ ಹುಟ್ಟೂರಿನಲ್ಲಿ 1973ರಲ್ಲಿ ಆರಂಭವಾಯಿತು. ಸೋಟೋ ಪ್ಯಾರಿಸ್ಸಿನಲ್ಲಿ ನಿಧನನಾದ.