ಬೆಂಗಳೂರಿನ ಅಂಗಳದಲ್ಲಿ ಚೆಂಡಿನ ಪರಾಕ್ರಮ

ರಾಯಚೂರು, ದೇವದುರ್ಗ, ಮಾನ್ವಿಗಳ ಎರೆನೆಲಕ್ಕೆ ಟೆಸ್ಟ್ ಪಂದ್ಯದ ಭಾಗ್ಯ ಒದಗದ ಕಾರಣ, ಆ ಸೀಮೆಯ ರಸಿಕರಿಗೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ವೈಭವವು ಬಹುಕಾಲ ಆಕಾಶವಾಣಿಯ ಶ್ರವಣಸುಖವಾಗಿಯೇ ಉಳಿದಿತ್ತು. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸಿನೆದುರು ಪ್ರಥಮ ಟೆಸ್ಟನ್ನು ಕಂಡ ಈ ಅಂಗಳದಲ್ಲಿ, 1977ರಲ್ಲಿ, ಬಾಲ್ಯದ ಪೋಲಿಯೊದಿಂದ ಕೃಶವಾದ ಬಲಗೈಯನ್ನೇ ಆಯುಧವಾಗಿಸಿಕೊಂಡ ಮೈಸೂರಿನ ಚಂದ್ರಶೇಖರರು ಇಂಗ್ಲೆಂಡಿನ 6 ವಿಕೆಟ್‌ಗಳನ್ನು 76 ರನ್ನಿಗೆ ಕಿತ್ತರೆ, ದ್ವಿತೀಯ ಇನಿಂಗ್ಸಿನಲ್ಲಿ ಬೇಡಿಯವರು 71ಕ್ಕೆ 6 ಕಿತ್ತು ಜಯವನ್ನು ಸಂಪಾದಿಸಿಕೊಟ್ಟರು.

ಆದರೆ ನನ್ನ ಎಣಿಕೆಯಲ್ಲಿ 1987ರ ಮಾರ್ಚಿನ ಪಂದ್ಯಕ್ಕೆ ಸಾಟಿಯಿಲ್ಲ. ಮಣಿಂದರ್ ಸಿಂಗರು ಕೇವಲ 27 ರನ್ನಿತ್ತು 7 ವಿಕೆಟ್ ಪಡೆದು ಪಾಕಿಸ್ತಾನವನ್ನು 116ಕ್ಕೆ ಅಡಗಿಸಿದರೂ, ಇಕ್ಬಾಲ್ ಖಾಸಿಂ, ತೌಸೀಫ್ ಅಹ್ಮದ್ ಎಂಬ ಸ್ಪಿನ್ನರುಗಳು ತಲಾ 9 ವಿಕೆಟ್ ಗಳಿಸಿ, ಒಡೆದ ಪಿಚ್ಚಿನ ಮೇಲೆ ಗಾವಸ್ಕರರು ತಮ್ಮ ಅಂತಿಮ ಟೆಸ್ಟಿನಲ್ಲಿ ಆಡಿದ 96ರ ಅಮೋಘ ಆಟವನ್ನೂ ನಿಷ್ಫಲಗೊಳಿಸಿ, ಭಾರತವನ್ನು 16 ರನ್ನುಗಳಿಂದ ಸೋಲಿಸಿದರು. ಮರುವರ್ಷ ನವೆಂಬರಿನಲ್ಲಿ ನ್ಯೂಜಿಲೆಂಡಿನ ರಿಚರ್ಡ್ ಹ್ಯಾಡ್ಲಿ ಇಲ್ಲಿಯೇ ಅರುಣ್ ಲಾಲರನ್ನು ಔಟಾಗಿಸಿ, ತಮ್ಮ 374ನೆಯ ವಿಕೆಟ್‌ನೊಡನೆ ಬೋಥಮರ ವಿಶ್ವದಾಖಲೆಯನ್ನು ಮುರಿದರು. ಸ್ಪಿನ್ನಿನ ತವರಿನಲ್ಲಿ ವೇಗದ ಬೌಲರನೊಬ್ಬನಿಗೆ ಈ ಕಿರೀಟ ಸಂದದ್ದು ವಿಧಿಯ ವಿನೋದವೇ ಸರಿ.