ತೊರಕೆ ಮೀನಿನ ಸಂತಾನೋತ್ಪತ್ತಿ: ಅರಿವಿನ ಇತಿಹಾಸ

ಮಲ್ಪೆ, ಕಾಪು ಮೊದಲಾದ ಉಡುಪಿ ಸೀಮೆಯ ಕಡಲತಡಿಯಲ್ಲಿ ಮರಳೊಳಗೆ ಹುದುಗಿ ಬಾಳುವ ತೊರಕೆಯು ಶಾರ್ಕಿನ ಬಂಧುವಾದ, ಮೃದ್ವಸ್ಥಿಯ ಚಪ್ಪಟೆ ಮೀನು. ಇದು ಮೊಟ್ಟೆಯಿಡದೆ ಮರಿಗಳನ್ನೇ ಈಯುವುದೆಂಬುದು ಅದರ ಒಡಲನ್ನು ಸೀಳಿ ಕಂಡ ಮೊಗವೀರ ಮೀನುಗಾರರಿಗೆ ಹೊಸ ಸಂಗತಿಯಲ್ಲ; ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲನೂ ಈ ವರ್ಗದ ಮೀನುಗಳು ಮರಿ ಹಾಕುವುದನ್ನು ಬರೆದಿಟ್ಟಿದ್ದನು.

ಆಧುನಿಕ ವಿಜ್ಞಾನವು ಮೊದಲು ತೊಡಗಿದ್ದು ನಾಮಕರಣಕ್ಕೆ. 1841ರಲ್ಲಿ ಮ್ಯುಲ್ಲರ್ ಮತ್ತು ಹೆನ್ಲೆ ಎಂಬ ಜರ್ಮನ್ ಪಂಡಿತರು ತೊರಕೆಗಳನ್ನು ವರ್ಗೀಕರಿಸಿದರು. 1875–78ರಲ್ಲಿ ಫ್ರಾನ್ಸಿಸ್ ಡೇ ಭಾರತದ ಮೀನುಗಳ ಬೃಹದ್ಗ್ರಂಥವನ್ನು ಹೊರತಂದನು. ಗರ್ಭದ ರಹಸ್ಯವನ್ನು ಬಿಡಿಸಿದ ಕೀರ್ತಿಯಾದರೋ ಭಾರತದ ಸಮುದ್ರಗಳನ್ನು ಶೋಧಿಸುತ್ತಿದ್ದ ‘ಇನ್ವೆಸ್ಟಿಗೇಟರ್’ ಹಡಗಿನ ಸಂಶೋಧನೆಗೆ ಸಲ್ಲತಕ್ಕದ್ದು. ಆ ಸಂಶೋಧನೆಯ ಫಲವಾಗಿ ವುಡ್-ಮೇಸನ್ ಮತ್ತು ಆಲ್ಕಾಕ್ ಎಂಬ ವಿಜ್ಞಾನಿಗಳು 1891ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಚಿಟ್ಟೆ ತೊರಕೆಯ ಗರ್ಭಾಶಯದ ಒಳಗೋಡೆಯಿಂದ ಹೊರಟ ಎಳೆಯಂಥ ಅಂಕುರಗಳು ಭ್ರೂಣದ ಕಣ್ಣಿನ ಹಿಂದಿನ ಶ್ವಾಸರಂಧ್ರಗಳ ಮೂಲಕ ಗಂಟಲಿಗಿಳಿದು ಪೋಷಕರಸವನ್ನು ಉಣಿಸುವುದನ್ನು ವಿವರಿಸಿ, ಅವಕ್ಕೆ ‘ಟ್ರೋಫೊನೀಮ’ ಎಂದು ಹೆಸರಿಟ್ಟರು. ಜರಾಯುವೇ ಇಲ್ಲದೆ ತಾಯಿ ತನ್ನೊಳಗೇ ಮರಿಗೆ ಹಾಲೂಡುವ ಈ ವ್ಯವಸ್ಥೆ ಜೀವಲೋಕದ ಮಹದಾಶ್ಚರ್ಯಗಳಲ್ಲೊಂದೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಇಂದಿನ ಅರಿವಿನಂತೆ, ಗಂಡು ತೊರಕೆಯ ಹಿಂದಿನ ಈಜುರೆಕ್ಕೆಗಳ ಒಳಅಂಚಿನಲ್ಲಿರುವ ಜೋಡಿ ಅಂಗಗಳಿಂದ ಗರ್ಭಧಾರಣೆ ದೇಹದೊಳಗೇ ನಡೆಯುವುದು. ಅನೇಕ ಜಾತಿಗಳಲ್ಲಿ ಎಡಗಡೆಯ ಅಂಡಾಶಯ, ಗರ್ಭಾಶಯಗಳು ಮಾತ್ರ ಕಾರ್ಯನಿರತವಾಗಿರುತ್ತವೆ. ಭ್ರೂಣವು ಮೊದಲು ಅಂಡದ ಬಂಡಾರವನ್ನೂ ಅನಂತರ ಆ ಪೋಷಕರಸವಾದ ಗರ್ಭಕ್ಷೀರವನ್ನೂ ಉಂಡು, ಅಂಡದ ತೂಕವನ್ನು ಅನೇಕ ಪಟ್ಟು ಮೀರಿ ಬೆಳೆದು, ಪೂರ್ಣರೂಪದಲ್ಲಿ ಜನಿಸುತ್ತದೆ. ಲಕ್ಷಾಂತರ ಮೊಟ್ಟೆಗಳನ್ನು ನೀರಿಗೆ ಚೆಲ್ಲುವ ಮೀನುಗಳೆಲ್ಲಿ, ಬೆರಳಲ್ಲಿ ಎಣಿಸುವಷ್ಟೇ ಮರಿಗಳನ್ನು ಈಯುವ ತೊರಕೆಯೆಲ್ಲಿ!

ಈ ಮಿತಸಂತಾನವೇ ಇಂದು ಅದಕ್ಕೆ ಕುತ್ತಾಗಿದೆ. ದಡದಿಂದ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ಬಂಗುಡೆ, ಬೂತಾಯಿ ಮೀನುಗಳೇ ಮುಖ್ಯ ಗುರಿಯಾಗಿದ್ದವು. ಆದರೆ ಅನಂತರ ಬಂದ, ಕಡಲತಳವನ್ನೇ ಗೋರುವ ಟ್ರಾಲ್ ಬಲೆಗೆ ತಳವಾಸಿಯಾದ ತೊರಕೆಯು ಸುಲಭದ ತುತ್ತು. ಬಲೆಗೆ ಬಿದ್ದ ಗರ್ಭಿಣಿಯು ಆಘಾತದಿಂದ ಅಕಾಲದಲ್ಲಿ ಮರಿಗಳನ್ನು ಹೊರಹಾಕುವುದೂ ಉಂಟು. ರಕ್ಷಣೆಗೆಂದು 2001ರಲ್ಲಿ ಮುಳ್ಳುತೊರಕೆಯೊಂದನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟದಲ್ಲಿ ಸೇರಿಸಲಾಯಿತು. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಕೊಡುವ ಬಿಡುವು ಎರಡೇ ತಿಂಗಳಿನದು. ಆದುದರಿಂದ ಉಳಿದ ಕಾಲದಲ್ಲಿ ಜೀವಂತವಾಗಿ ಸಿಕ್ಕ ಬಸಿರು ತೊರಕೆಯನ್ನು ಮರಳಿ ಕಡಲಿಗೆ ಬಿಡುವ ರೂಢಿಯನ್ನು ಮಲ್ಪೆಯ ದೋಣಿಗಳವರು ಬೆಳೆಸಿಕೊಳ್ಳತಕ್ಕದ್ದು.