ಸಸಾರಜನಕಗಳು: ಬಗೆ, ಕಾರ್ಯ ಮತ್ತು ಮಲೆನಾಡಿನ ಊಟ

ಪ್ರೋಟೀನಿಗೆ ಕನ್ನಡದಲ್ಲಿ ಸಸಾರಜನಕ ಎಂಬ ಹೆಸರು ರೂಢಿಯಲ್ಲಿದೆ. ಸಾರಜನಕವನ್ನು ಒಳಗೊಂಡದ್ದು ಎಂಬುದು ಅದರ ಅರ್ಥ. ಪಿಷ್ಟ, ಸಕ್ಕರೆ ಮತ್ತು ಎಣ್ಣೆಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳಷ್ಟೇ ಪ್ರಧಾನ. ಸಸಾರಜನಕದಲ್ಲಿ ಇವುಗಳೊಡನೆ ಸಾರಜನಕವೂ ಇರುತ್ತದೆ. ಆದ್ದರಿಂದಲೇ ಅನ್ನವನ್ನಾಗಲಿ ಬೆಲ್ಲವನ್ನಾಗಲಿ ಎಷ್ಟೇ ಹೆಚ್ಚಿಸಿದರೂ ಅವುಗಳ ಪಿಷ್ಟ, ಸಕ್ಕರೆಗಳಿಂದ ಸಸಾರಜನಕದ ಕೊರತೆ ನೀಗದು.

ಸಸಾರಜನಕವೆಂಬುದು ಒಂದೇ ವಸ್ತುವಲ್ಲ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಸರಪಳಿಯಂತೆ ಕೂಡಿಕೊಂಡು, ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಾಗ ಒಂದೊಂದು ಸಸಾರಜನಕ ಸಿದ್ಧವಾಗುತ್ತದೆ. ಕೊಂಡಿಗಳ ಅನುಕ್ರಮ ಬದಲಾದರೆ ಆಕಾರ ಬದಲಾಗಬಹುದು, ಆಕಾರ ಬದಲಾದರೆ ಕೆಲಸವೂ ಬದಲಾಗಬಹುದು. ಚರ್ಮ, ಮೂಳೆ, ಮೃದ್ವಸ್ಥಿಗಳಿಗೆ ಬಲ ಕೊಡುವ ಕೊಲಾಜನ್, ರಕ್ತದಲ್ಲಿ ಆಮ್ಲಜನಕವನ್ನು ಸಾಗಿಸುವ ಹಿಮೋಗ್ಲೋಬಿನ್, ಸಕ್ಕರೆಯ ಪ್ರಮಾಣವನ್ನು ಹತೋಟಿಯಲ್ಲಿಡುವ ಇನ್ಸುಲಿನ್, ಆಹಾರವನ್ನು ಜೀರ್ಣಿಸುವ ಕಿಣ್ವಗಳು, ಇವೆಲ್ಲವೂ ಸಸಾರಜನಕಗಳೇ. ಮಂಗನ ಕಾಯಿಲೆಯ ಶಂಕೆಯಿದ್ದಾಗ ರಕ್ತದಲ್ಲಿ ಹುಡುಕುವ ಪ್ರತಿಕಾಯವೂ ಇದೇ ವರ್ಗಕ್ಕೆ ಸೇರಿದ್ದು.

ಪ್ರತಿಕಾಯವನ್ನು ಕಣ್ಣಾರೆ ಕಾಣಲು ಪ್ರಯೋಗಶಾಲೆಗೇ ಹೋಗಬೇಕಿಲ್ಲ, ಗಿಣ್ಣು ಮಾಡುವ ಅಡುಗೆಮನೆ ಸಾಕು. ಸಾಮಾನ್ಯ ಹಾಲನ್ನು ಎಷ್ಟು ಕಾಯಿಸಿದರೂ ಅದು ಗಟ್ಟಿಯಾಗುವುದಿಲ್ಲ. ಹಾಲಿನ ಮುಖ್ಯ ಸಸಾರಜನಕವಾದ ಕೇಸೀನ್ ಬಿಸಿಗೆ ಹೆಪ್ಪುಗಟ್ಟದು, ಹುಳಿಗೆ ಮಾತ್ರ ಒಡೆಯುತ್ತದೆ. ಕರು ಹಾಕಿದ ಹಸುವಿನ ಮೊದಲ ಹಾಲಿನಲ್ಲಾದರೋ ಸಸಾರಜನಕದ ಪ್ರಮಾಣ ಸಾಮಾನ್ಯ ಹಾಲಿನ ನಾಲ್ಕು ಪಟ್ಟಿನಷ್ಟಿರುತ್ತದೆ, ಅದರಲ್ಲಿ ಬಹುಪಾಲು ಪ್ರತಿಕಾಯಗಳು. ಇವು ಬಿಸಿ ತಾಗಿದೊಡನೆ ಗಟ್ಟಿಯಾಗುವುದರಿಂದಲೇ ಗಿಣ್ಣಿಗೆ ಹೆಪ್ಪು ಬೇಕಾಗುವುದಿಲ್ಲ. ಹಸುವಿನ ಗರ್ಭದಲ್ಲಿರುವ ಕರುವಿಗೆ ತಾಯಿಯ ಪ್ರತಿಕಾಯಗಳು ದಾಟಿ ಬರುವುದಿಲ್ಲ. ಹುಟ್ಟಿದ ಮೊದಲ ದಿನ ಮಾತ್ರ ಅದರ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳಬಲ್ಲದು, ಬಳಿಕ ಆ ದಾರಿ ಮುಚ್ಚುತ್ತದೆ. ಆದಕಾರಣ ಗಿಣ್ಣಿನ ಪಾತ್ರೆ ತುಂಬುವ ಮೊದಲು ಕರುವಿನ ಹೊಟ್ಟೆ ತುಂಬಬೇಕು. ಬಾಣಂತಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಕೆಲವೆಡೆ ಇನ್ನೂ ಉಳಿದಿದೆ. ಶಿಶುವಿನ ಕರುಳನ್ನು ಸೋಂಕಿನಿಂದ ಕಾಯುವ ಪ್ರತಿಕಾಯಗಳು ಆ ಹಾಲಿನಲ್ಲೇ ಅಧಿಕವಾಗಿರುವುದರಿಂದ ಅದು ಮಗುವಿಗೆ ಸಲ್ಲಬೇಕಾದದ್ದು.

ಇದೊಂದು ವಿಶೇಷ ಸಂದರ್ಭ. ಉಳಿದಂತೆ ನಾವು ತಿಂದ ಸಸಾರಜನಕ ಬಹುತೇಕ ಜೀರ್ಣಾಂಗದಲ್ಲಿ ಅಮೈನೋ ಆಮ್ಲಗಳಾಗಿ ಒಡೆದೇ ರಕ್ತಕ್ಕೆ ಸೇರುತ್ತದೆ. ದೇಹ ಅವುಗಳಿಂದ ತನಗೆ ಬೇಕಾದ ಸಸಾರಜನಕವನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಇಪ್ಪತ್ತರಲ್ಲಿ ಒಂಬತ್ತನ್ನು ಮನುಷ್ಯದೇಹ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಅಕ್ಕಿಯಲ್ಲಿ ಲೈಸಿನ್ ಎಂಬ ಅಗತ್ಯ ಆಮ್ಲ ಕಡಿಮೆ, ಬೇಳೆಕಾಳುಗಳಲ್ಲಿ ಅದು ಧಾರಾಳ. ಬೇಳೆಯಲ್ಲಿ ಕೊರತೆಯಾಗುವ ಮೆಥಿಯೋನಿನ್ ಅಕ್ಕಿಯಲ್ಲಿ ತಕ್ಕಮಟ್ಟಿಗೆ ಇದೆ. ಅನ್ನದ ಜೊತೆ ಸಾರು ಒಂದನ್ನೊಂದು ತುಂಬಿಕೊಡುವುದು ಹೀಗೆ.

ಆದರೆ ಸಾರು ತಿಳಿಯಾದರೆ ಈ ಲೆಕ್ಕ ಕೆಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ನೀಡಿದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಸಾರಜನಕ ಬೇಕು. 65 ಕಿಲೋ ತೂಕದ ವ್ಯಕ್ತಿಗೆ ಇದು ಸುಮಾರು 54 ಗ್ರಾಂ. ನೂರು ಗ್ರಾಂ ಅಕ್ಕಿಯಲ್ಲಿ 8 ಗ್ರಾಂನಷ್ಟು ಸಸಾರಜನಕವಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಬೆಳಿಗ್ಗೆ ಗಂಜಿ ಇಲ್ಲವೇ ಕಡುಬು, ಎರಡು ಹೊತ್ತು ಅನ್ನ ಉಣ್ಣುವ ದುಡಿಮೆಗಾರ ದಿನಕ್ಕೆ 400 ಗ್ರಾಂ ಅಕ್ಕಿ ಬಳಸಿದರೆ 32 ಗ್ರಾಂ ಅದರಿಂದಲೇ ದೊರೆಯಿತು. ಉಳಿದ 22 ಗ್ರಾಂ ಬೇಳೆ, ಹಾಲು, ಮೊಟ್ಟೆ, ಮೀನುಗಳಿಂದ ಬರಬೇಕು. ಐವತ್ತು ಗ್ರಾಂ ತೊಗರಿಬೇಳೆ ಅಥವಾ ಹುರುಳಿಯಲ್ಲಿ 11 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. ಮುಂಗಾರಿನ ಮೊದಲ ಮಳೆಗೆ ಗದ್ದೆಗೇರುವ ಹತ್ತುಮೀನು ನೂರು ಗ್ರಾಂ ಸಿಕ್ಕರೂ ಹದಿನೈದು ಗ್ರಾಂಗೆ ಕಡಿಮೆಯಿಲ್ಲ, ಆದರೆ ಅದು ವರ್ಷದಲ್ಲಿ ಕೆಲವೇ ದಿನಗಳ ಭಾಗ್ಯ. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಇನ್ನೂ 22 ಗ್ರಾಂ ಹೆಚ್ಚು ಬೇಕಾಗುತ್ತದೆ. ಮನೆಯವರೆಲ್ಲ ಉಂಡ ಬಳಿಕ ತಳದ ತಿಳಿಸಾರಿನಲ್ಲಿ ಊಟ ಮುಗಿಸುವ ಹೆಣ್ಣುಮಗಳಿಗೆ ಅದು ದಕ್ಕುವುದು ಕಷ್ಟ.

ಹುರುಳಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಹಸಿ ಹುರುಳಿಯಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ ಸಸಾರಜನಕವಿದೆ. ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದಾಗ ಅದು ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತದೆ. ಬೇಯಿಸಿದ ಕಟ್ಟಿನಿಂದ ಸಾರು ಮಾಡುವವರು ಕಾಳನ್ನು ಕೊಟ್ಟಿಗೆಗೆ ಕೊಟ್ಟರೆ ಸಸಾರಜನಕದ ಹೆಚ್ಚಿನ ಪಾಲು ದನಕ್ಕೇ ಹೋಗುತ್ತದೆ.

ಶಾಲಾ ಮಕ್ಕಳಿಗೆ 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ 150 ಮಿಲಿಲೀಟರ್ ಹಾಲು ಸುಮಾರು 5 ಗ್ರಾಂ ಒದಗಿಸುತ್ತದೆ. 2021ರಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊದಲಾದ ಮೊಟ್ಟೆ ವಿತರಣೆ ಅನಂತರ ರಾಜ್ಯಕ್ಕೆಲ್ಲ ವಿಸ್ತರಿಸಿತು. ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಕ್ರಮವಿದೆ. ಬಾಳೆಹಣ್ಣು ಒಳ್ಳೆಯ ಹಣ್ಣೇ, ಆದರೆ ಒಂದು ಹಣ್ಣಿನಲ್ಲಿರುವ ಸಸಾರಜನಕ ಸುಮಾರು ಒಂದು ಗ್ರಾಂ. ಮೊಟ್ಟೆಗೆ ಬದಲಿ ಎಂದು ಅದನ್ನು ಕರೆಯುವುದು ಲೆಕ್ಕಕ್ಕೆ ಒಪ್ಪುವ ಮಾತಲ್ಲ. ಅಷ್ಟೇ ತೂಕದ ಬೇಯಿಸಿದ ಕಡಲೆಕಾಳು ಅದಕ್ಕಿಂತ ಹತ್ತಿರದ ಬದಲಿಯಾದೀತು.

ಊಟದ ಸಸಾರಜನಕಕ್ಕೂ ದೇಹ ಕಟ್ಟಿಕೊಳ್ಳುವ ಸಸಾರಜನಕಕ್ಕೂ ಇರುವ ವ್ಯತ್ಯಾಸ ಈ ಭಾಗದ ಜನರಿಗೆ ಬರಿಯ ಪಾಠವಲ್ಲ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳನ್ನು ಸವೆಸುವ, ಕೆಲವರಲ್ಲಿ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ರೋಗ ಬೆಳಕಿಗೆ ಬಂತು. ರೋಗಿಗಳು ಬಡ ಕೃಷಿಕಾರ್ಮಿಕರಾಗಿದ್ದುದರಿಂದ ದೃಷ್ಟಿ ಸಹಜವಾಗಿಯೇ ಅವರ ತಟ್ಟೆಯತ್ತ ಹೊರಳಿತು. ಅಪೌಷ್ಟಿಕತೆ, ಕೀಟನಾಶಕ ಬಿದ್ದ ಗದ್ದೆಯ ಏಡಿ ಮುಂತಾದವುಗಳ ಮೇಲೆ ಶಂಕೆ ಮೂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು ಅಧ್ಯಯನ ನಡೆಸಿ, ಕುಟುಂಬಗಳಲ್ಲಿ ಹರಿದುಬರುವ ಮಲೆನಾಡಿನ ಕೀಲುರೋಗವೆಂದು ಅದನ್ನು ವರ್ಣಿಸಿದರು. ಮುಂದೆ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ಇದು ಬೆನ್ನೆಲುಬು ಮತ್ತು ಉದ್ದೆಲುಬುಗಳ ತುದಿಯ ಬೆಳವಣಿಗೆ ತಪ್ಪುವ, ವಂಶವಾಹಿಯ ಮೂಲಕ ಬರುವ ಪ್ರಬಲ ಗುಣದ ರೋಗವೆಂದು ತೋರಿಸಿದವು. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಎರಡಕ್ಕೆ ಒಂದು.

ವಂಶವಾಹಿ ಎಂದರೆ ಸಸಾರಜನಕ ಕಟ್ಟುವ ಸೂಚನೆ. ಸೂಚನೆಯೇ ತಪ್ಪಿದ್ದರೆ ಎಷ್ಟು ಒಳ್ಳೆಯ ಅಮೈನೋ ಆಮ್ಲ ಒದಗಿಸಿದರೂ ಕಟ್ಟಡ ಸರಿಹೋಗದು. ಮೃದ್ವಸ್ಥಿಯ ಕೊಲಾಜನ್ ವಂಶವಾಹಿಯಲ್ಲಿನ ದೋಷದಿಂದ ಇದೇ ಗುಂಪಿನ ಹಲವು ಮೂಳೆರೋಗಗಳು ಉಂಟಾಗುವುದು ಲೋಕದ ಬೇರೆಡೆಯೂ ಕಂಡುಬಂದಿದೆ. ಹಂದಿಗೋಡು ರೋಗ ಅಂಟುವಂಥದ್ದಲ್ಲ, ರೋಗಿಯೊಡನೆ ಕೂತು ಉಣ್ಣುವುದರಿಂದ ಯಾರಿಗೂ ಬರುವುದಿಲ್ಲ. ಪೌಷ್ಟಿಕ ಆಹಾರ ರೋಗಿಯ ಸ್ನಾಯುಬಲವನ್ನು ಕಾಪಾಡೀತು, ಸವೆದ ಕೀಲನ್ನು ಮರಳಿಸದು. ಕೀಲನ್ನು ಮುಲಾಮಿನಿಂದಲೋ ಪುಡಿಯಿಂದಲೋ ಬೆಳೆಸುವುದಾಗಿ ಹೇಳಿಕೊಂಡು ಹಣ ಕೇಳುವವರಿಗಿಂತ ನೋವು ಶಮನ, ವ್ಯಾಯಾಮ ಚಿಕಿತ್ಸೆ ಮತ್ತು ಅಗತ್ಯವಿದ್ದವರಿಗೆ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಈ ಕುಟುಂಬಗಳಿಗೆ ಹೆಚ್ಚು ಉಪಯುಕ್ತ.